ಅಕ್ಕ ಬೇಡವೆಂದ ಎಳನೀರು

ನನ್ನ ಅಕ್ಕನ ತೊಡೆಗೆ ನಾನು ಒಂದು ಸೂಜಿ ಚುಚ್ಚಬೇಕಾಗಿತ್ತು. ಚುಚ್ಚಲಿಲ್ಲ. ಆಮೇಲೆ ಚುಚ್ಚಿದೆ ಎಂದು ಎಲ್ಲರಿಗೂ ಹೇಳಿದೆ. ಇದನ್ನು ಮೊದಲಿಗೇ ಬರೆದುಬಿಡುತ್ತಿದ್ದೇನೆ. ಅಕ್ಕನ ಓದು, ಅವಳ ಹೆಸರು, ಅವಳ ನಗು ಎಂದು ಬರೆಯುತ್ತಾ ಹೋದರೆ ನಡುವೆ ಎಲ್ಲೋ ನನಗೆ ಹೆದರಿಕೆ ಹುಟ್ಟಿ, ಇದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದು ಮುಗಿಸಿಬಿಡುತ್ತೇನೆ. ನಾನು ಅಂಥವನೇ.

ಕೆಲವು ತಿಂಗಳ ಹಿಂದೆ ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ಮಗಳ ತೋಳನ್ನು ಹತ್ತಿಯಿಂದ ಒರೆಸಿದರು. ಸ್ಪಿರಿಟ್ ವಾಸನೆ ಮೂಗಿಗೆ ಬಡಿಯಿತು. ಗೋಡೆ ಹಿಡಿದು ಬೆಂಚಿನ ಮೇಲೆ ಕೂತುಬಿಟ್ಟೆ. ಪರೀಕ್ಷೆಗೆ ರಕ್ತ ಕೊಡುತ್ತಿದ್ದ ಮಗಳೇ ನನ್ನ ಕಡೆ ತಿರುಗಿ ನಕ್ಕಳು. "ಸೂಜಿ ನಂಗೆ ಕಣಪ್ಪ, ನಿಂಗಲ್ಲ," ಅಂದಳು. ನನಗೆ ನಗು ಬರಲಿಲ್ಲ. ಆ ವಾಸನೆಯೊಳಗೆ ನನಗೆ ಕಾಣುತ್ತಿದ್ದದ್ದು ನಮ್ಮ ಪಡಸಾಲೆಯ ಚಾಪೆ, ಅದರ ಮೇಲೆ ಮುದುರಿ ಮಲಗಿದ್ದ ಅಕ್ಕ, ನನ್ನ ಕೈಯಲ್ಲೊಂದು ನೀಲಿ ಡಬ್ಬಿ…

ಅಕ್ಕ ನನಗಿಂತ ಬಹಳ ದೊಡ್ಡವಳು. ಶೆಟ್ಟಿಕೆರೆ ಪಕ್ಕದ ನಮ್ಮ ತೋಟದ ಮನೆಯಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳು ಓದಿ ಹಾರ್ಮೋನುಗಳ ವಿಜ್ಞಾನಿಯಾದಳು. ನಾನು ಹತ್ತನೇ ಕ್ಲಾಸಿನ ಗಣಿತಕ್ಕೆ ಹೆದರಿ ಪರೀಕ್ಷೆಗೇ ಹೋಗದೆ ಕೊಬ್ಬರಿ ಕೆಲಸಕ್ಕೆ ನಿಂತೆ. ಈಗ ಅವಳ ಶಿಷ್ಯೆಯರು ಸೇರಿ ಅವಳ ನೆನಪಿಗೆ ಪುಸ್ತಕ ತರುತ್ತಿದ್ದಾರೆ. ಮನೆಯವರದೂ ಒಂದು ಬರಹ ಇರಲಿ ಎಂದು ಕೇಳಿದ್ದರು. ಅಷ್ಟು ಓದಿದವರ ನಡುವೆ ನನ್ನದೇನು ಎಂದು ತಪ್ಪಿಸಿಕೊಳ್ಳುತ್ತಲೇ ಬಂದೆ. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಕಾಗುಣಿತ ತಿದ್ದಿದವಳು ಮಗಳು.

ನಮ್ಮ ಕಡೆ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುವವರೆಗೆ. ಅಟ್ಟವೆಂದರೆ ಕತ್ತಲೆ, ಹೊಗೆ, ಇಲಿಗಳ ಸರಬರ. ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಕಾಯಿ ನೋಡಿ ಬಾ ಎಂದು ಹತ್ತಿಸುತ್ತಿದ್ದರು. ನಾನು ಏಣಿಯ ನಡುವೆ ನಿಂತುಬಿಡುತ್ತಿದ್ದೆ. ಮೇಲಕ್ಕೆ ಹೋಗಲಾರೆ, ಕೆಳಕ್ಕೆ ಇಳಿಯಲಾರೆ. ಆಗ ಅಕ್ಕ ಹಿಂದಿನಿಂದ ಹತ್ತಿ ಬಂದು ನನ್ನ ಬೆನ್ನಿಗೆ ಅಂಗೈ ಒತ್ತಿ ಹಿಡಿಯುತ್ತಿದ್ದಳು. "ಸುಮ್ನೆ ನಿಂತ್ಕೋ. ಎದೆ ಹೊಡ್ಕೊಳ್ತಾ ಐತಲ್ಲ, ನಿಧಾನ ಆಯ್ತದೆ. ಆಮೇಲೆ ಕಾಲಿಡು," ಅನ್ನುತ್ತಿದ್ದಳು. ನಿಂತಿದ್ದರೆ ನಿಜವಾಗಿಯೂ ನಿಧಾನವಾಗುತ್ತಿತ್ತು. ಅವಳ ಅಂಗೈಯಲ್ಲಿ ಕೊಬ್ಬರಿ ಎಣ್ಣೆಯ ಜಿಡ್ಡು. ಅಂಗಿಯ ಬೆನ್ನಿಗೆ ಅವಳ ಕೈ ಗುರುತು ಬೀಳುತ್ತಿತ್ತು, ಅಮ್ಮ ಬೈಯುತ್ತಿದ್ದಳು.

ಮುಂದೆ ಅವಳು ಜೀವಮಾನವೆಲ್ಲ ಮಾಡಿದ ಕೆಲಸವೂ ಇದೇ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಿಪಟೂರಿನಲ್ಲಿ ಕಾಲೇಜು, ಮೈಸೂರಿನಲ್ಲಿ ಮೇಲಿನ ಓದು, ಹೊರದೇಶದಲ್ಲಿ ಕೆಲವು ವರ್ಷ, ಕೊನೆಗೆ ಬೆಂಗಳೂರಿನ ಒಂದು ಸಂಶೋಧನಾಲಯ. ಮದುವೆಯ ಮಾತು ತೆಗೆದವರೆಲ್ಲ ಸುಸ್ತಾಗಿ ಸುಮ್ಮನಾದರು. ಅವಳು ಇಲಿಗಳನ್ನು ಸಾಕಿಕೊಂಡು, ಅವು ಹೆದರಿದಾಗ ರಕ್ತದಲ್ಲಿ ಏರುವ ಒಂದು ಹಾರ್ಮೋನನ್ನು ಅಳೆಯುತ್ತಿದ್ದಳು. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತಿರುವ ಪುಟ್ಟ ಗ್ರಂಥಿಯಿಂದ ಅದು ಬರುತ್ತದಂತೆ. ಇಲಿಗೂ ಅಲ್ಲೇ, ನಮಗೂ ಅಲ್ಲೇ.

ಊರಿಗೆ ಇದೊಂದು ದೊಡ್ಡ ತಮಾಷೆ. ಪಕ್ಕದ ತೋಟದ ದೊಡ್ಡಮ್ಮ ಅಕ್ಕನನ್ನು ಕಂಡರೆ ಸಾಕು, ಶುರು ಮಾಡುತ್ತಿದ್ದರು. "ನಾವು ಅಟ್ಟದ ಇಲಿ ಹಿಡಿಯಾಕೆ ಬೋನು ಇಡ್ತೀವಿ. ನೀನು ಇಲಿ ಸಾಕಾಕೆ ಸಂಬ್ಳ ತಗೋತೀಯಂತಲ್ಲೇ! ನಮ್ಮನೇವ್ನೂ ಒಂದಿಷ್ಟು ತಗೊಂಡೋಗೇ ತಾಯಿ."

"ನಿಮ್ಮನೆ ಇಲಿ ನನ್ನ ಕೆಲ್ಸಕ್ಕೆ ಬರಾಕಿಲ್ಲ ದೊಡ್ಡಮ್ಮ. ದಿನಾ ನಿಮ್ಮನ್ನ ನೋಡಿ ನೋಡಿ ಅವಕ್ಕೆ ಹೆದ್ರಿಕೇನೇ ಬುಟ್ಟೋಗೈತೆ," ಅನ್ನುತ್ತಿದ್ದಳು ಅಕ್ಕ. ದೊಡ್ಡಮ್ಮ ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದರು.

ಕೊಬ್ಬರಿ ಇಳಿಸುವ ಕಾಲಕ್ಕೆ ಅಕ್ಕ ರಜಾ ಹಾಕಿ ಬರುತ್ತಿದ್ದಳು. ಚಿಪ್ಪು ಬಿಡಿಸುವ ಹೆಂಗಸರ ಜೊತೆ ಅಂಗಳದಲ್ಲಿ ಕೂತು ತಾನೂ ಬಿಡಿಸುತ್ತಿದ್ದಳು. ಅಂಥ ಒಂದು ದಿನ ನಾನು ಕೇಳಿದೆ, ಇಷ್ಟೆಲ್ಲ ಬರೆದು ಅಚ್ಚು ಹಾಕಿಸುತ್ತೀಯಲ್ಲ, ಅದರಿಂದ ಏನು ಬರುತ್ತದೆ ಎಂದು.

"ದುಡ್ಡೇನೂ ಬರಾಕಿಲ್ಲ ಕಣ್ಲಾ. ಇನ್ನೊಬ್ರು ಬರೆಯುವಾಗ 'ಇಂಥೋಳು ಹಿಂಗೆ ಹೇಳವ್ಳೆ' ಅಂತ ನನ್ನ ಹೆಸ್ರು ಹಾಕ್ತಾರೆ. ಅದಕ್ಕೆ ಉಲ್ಲೇಖ ಅಂತಾರೆ. ಎಷ್ಟು ಜನ ಹಾಕಿದ್ರು ಅಂತ ಲೆಕ್ಕ ಇಡ್ತಾರೆ."

"ಹೊಗಳಿ ಹಾಕ್ತಾರಾ?"

"ಬೈದು ಹಾಕಿದ್ರೂ ಲೆಕ್ಕಕ್ಕೆ ಬತ್ತದೆ!" ಎಂದು ನಕ್ಕಳು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದಳು. "ಮಂಡೀಲಿ ಇದು ಇಂಥೋರ ಅಟ್ಟದ ಕೊಬ್ರಿ ಅಂದ್ರೆ ಚೀಲ ಬಿಚ್ಚದೇನೇ ನಂಬ್ತಾರಲ್ಲ, ಹಂಗೇ. ಒಬ್ರು ನಂಬಿದ್ದನ್ನ ಇನ್ನೊಬ್ರು ನಂಬ್ತಾರೆ. ನಂಗೆ ಹೆದ್ರಿಕೆ ಆಗೋದೇ ಅಲ್ಲಿ. ಯಾರೂ ಚೀಲ ಬಿಚ್ಚಾಕಿಲ್ಲ."

ಅವಳ ಹೆಸರು ಹಾಗೆ ದೇಶ ದೇಶಗಳಲ್ಲಿ ಓಡಾಡುತ್ತಿತ್ತಂತೆ. ನಮ್ಮ ಜಿಲ್ಲೆಯ ಆಚೆ ಬಸ್ಸಿಳಿಯದ ನನಗೆ ಅದು ಕಣ್ಣಿಗೆ ಕಾಣದ ವಿಷಯ. ಹೆದರಿಕೆ ಏರುವುದನ್ನು ಅಳೆದವರು ಬಹಳ ಜನ ಇದ್ದರಂತೆ. ಏರಿದ ಹೆದರಿಕೆ ಹೇಗೆ ಇಳಿಯುತ್ತದೆ ಎನ್ನುವುದು ಅಕ್ಕನ ಪಾಲಿನ ಕೆಲಸ. ಒಂಟಿಯಾಗಿರುವ ಇಲಿಗಿಂತ ಪಕ್ಕದಲ್ಲಿ ಇನ್ನೊಂದು ಇಲಿ ಇದ್ದರೆ ಆ ಹಾರ್ಮೋನು ಬೇಗ ಇಳಿಯುತ್ತದೆ ಎಂದಳು. "ಇದ್ಕೆ ಇಷ್ಟು ಓದ್ಬೇಕಿತ್ತಾ? ಏಣಿ ಮೇಲೆ ನಿಂತಾಗ್ಲೇ ನಂಗೆ ಗೊತ್ತಾಗಿತ್ತು," ಎಂದೆ. ಅಕ್ಕ ಕೈಯಲ್ಲಿದ್ದ ಕೊಬ್ಬರಿ ಕೆಳಗಿಟ್ಟು ನನ್ನನ್ನೇ ನೋಡಿದಳು. "ಗೊತ್ತಾಗೋದು ಬೇರೆ, ತೋರ್ಸೋದು ಬೇರೆ ಕಣ್ಲಾ," ಎಂದಳು.

ಇನ್ನೊಂದು ಸಲ ಅವಳು ಬಂದಾಗ ಮುಖ ಬಾಡಿತ್ತು. ಕಾಲವಲ್ಲದ ಕಾಲದಲ್ಲಿ ಬಂದಿದ್ದಳು. ಎಷ್ಟೋ ಜನ ಎತ್ತಿ ಹೇಳಿದ್ದ ಅವಳ ಒಂದು ಬರಹದಲ್ಲಿ ತಪ್ಪಿರುವುದು ಅವಳಿಗೇ ಸಿಕ್ಕಿತ್ತು. ಆ ಹಾರ್ಮೋನು ಹೊತ್ತಿಗೆ ತಕ್ಕ ಹಾಗೆ ತಾನಾಗಿ ಏರಿಳಿಯುತ್ತದಂತೆ. ಅವಳು ಒಂದು ಗುಂಪು ಇಲಿಗಳ ರಕ್ತವನ್ನು ಬೆಳಿಗ್ಗೆ, ಇನ್ನೊಂದು ಗುಂಪಿನದನ್ನು ಸಂಜೆ ತೆಗೆದಿದ್ದಳು. ಹೆದರಿಕೆಯಿಂದ ಬಂತೆಂದು ಬರೆದ ವ್ಯತ್ಯಾಸ ಹೊತ್ತಿನಿಂದ ಬಂದದ್ದು. ಬೇರೆ ಯಾರಿಗೂ ಇನ್ನೂ ಗೊತ್ತಾಗಿರಲಿಲ್ಲ.

"ಯಾರ್ಗೂ ಗೊತ್ತಿಲ್ಲ ಅಂದ್ಮೇಲೆ ಸುಮ್ಕಿರಕ್ಕ," ಎಂದೆ ನಾನು. ನನಗೆ ಹೊಳೆದ ದಾರಿ ಅದೊಂದೇ.

"ಹೇಳ್ದೋಳೇ ವಾಪಸ್ ತಗೋಬೇಕು ಕಣೋ. ಇನ್ನೊಬ್ರು ಬಂದು ತಗೊಳ್ಳಾಕಾಗಲ್ಲ. ಅದ್ನ ನಂಬ್ಕೊಂಡು ಯಾರೋ ಎಲ್ಲೋ ಔಷಧಿ ಮಾಡ್ತಿರ್ತಾರೆ."

ಅವಳು ವಾಪಸ್ ತೆಗೆದುಕೊಂಡಳು. ಪತ್ರಿಕೆಯವರಿಗೆ ತಾನೇ ಬರೆದು, ಈ ಬರಹ ತಪ್ಪು, ಇದನ್ನು ನಂಬಬೇಡಿ ಎಂದು ತನ್ನ ಹೆಸರು ಹಾಕಿಯೇ ಅಚ್ಚು ಮಾಡಿಸಿದಳು. ಬರಬೇಕಾಗಿದ್ದ ದೊಡ್ಡ ಹುದ್ದೆಯೊಂದು ಬೇರೆಯವರಿಗೆ ಹೋಯಿತು. ಕೆಲವರು ಮಾತು ಬಿಟ್ಟರು. ಆ ದಿನಗಳಲ್ಲಿ ಊರಿಗೆ ಬಂದಾಗಲೆಲ್ಲ ಅವಳ ಕೈ ನಡುಗುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಆಮೇಲೆ ಅವಳು ಮತ್ತೆ ಮೊದಲಿನಿಂದ ಅಳೆದು ಬರೆದದ್ದನ್ನೇ ಇವತ್ತಿಗೂ ಎಲ್ಲರೂ ಎತ್ತಿ ಹೇಳುವುದಂತೆ. ಆದರೆ ನನ್ನ ನೆನಪಿನಲ್ಲಿ ನಿಂತಿರುವುದು ಆ ನಡುಗುವ ಕೈ. ಹೆದರಿಕೆ ಅವಳಿಗೂ ಆಗುತ್ತಿತ್ತು. ನನಗದು ಗೊತ್ತಿತ್ತು… ಗೊತ್ತಿದ್ದೂ ನಾನು ಏನು ಕಲಿತೆ?

ನಿವೃತ್ತಿ ಹತ್ತಿರ ಬಂದಾಗ ಅವಳ ಅಂಗೈ ಗೆರೆಗಳು ಕಪ್ಪಾಗತೊಡಗಿದವು. ಒಸಡು ಕಪ್ಪಾಯಿತು. ಎದ್ದು ನಿಂತರೆ ತಲೆ ಸುತ್ತು. ಉಪ್ಪಿನಕಾಯಿ ಜಾಡಿ ಪಕ್ಕದಲ್ಲೇ ಇರಬೇಕು, ಅಷ್ಟು ಉಪ್ಪಿನ ಆಸೆ. ಡಾಕ್ಟರ ಬಳಿ ಹೋಗುವ ಮೊದಲೇ ಅವಳಿಗೆ ಅದೇನೆಂದು ತಿಳಿದಿತ್ತು. ಮೂತ್ರಪಿಂಡದ ಮೇಲಿನ ಆ ಪುಟ್ಟ ಟೋಪಿಗಳು ಅವಳೊಳಗೆ ಬತ್ತಿಹೋಗಿದ್ದವು. ಜೀವಮಾನವೆಲ್ಲ ಯಾವ ಹಾರ್ಮೋನನ್ನು ಅಳೆದಳೋ ಅದೇ ಅವಳ ಮೈಯಲ್ಲಿ ಇರಲಿಲ್ಲ. ಫೋನಿನಲ್ಲಿ ನನಗೆ ಹೇಳಿ ನಕ್ಕಳು. ನಾನು ಫೋನಿಟ್ಟು ತೋಟದಲ್ಲಿ ಎಷ್ಟೋ ಹೊತ್ತು ಸುಮ್ಮನೆ ಓಡಾಡಿದೆ.

ಮಾತ್ರೆ ನುಂಗುತ್ತಿದ್ದರೆ ಎಲ್ಲರ ಹಾಗೆ ಇರಬಹುದು ಎಂದಳು. ಇದ್ದಳು ಕೂಡ. ಆದರೆ ಜ್ವರ ಬಂದು ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡ ಮಾಡದೆ ತೊಡೆಗೆ ಇಂಜೆಕ್ಷನ್ ಕೊಡಬೇಕು. ಮೈಯಲ್ಲಿ ಆ ಹಾರ್ಮೋನು ಇಲ್ಲದಿದ್ದರೆ ರಕ್ತದ ಒತ್ತಡ ಕುಸಿಯುತ್ತದೆ, ಜೀವ ಹೋಗುತ್ತದೆ. ಅದಕ್ಕೆ ಅವಳು ಒಂದು ನೀಲಿ ಡಬ್ಬಿ ಇಟ್ಟುಕೊಂಡಿದ್ದಳು. ಒಳಗೆ ಪುಡಿ ಇರುವ ಪುಟ್ಟ ಸೀಸೆ, ನೀರಿನ ಗಾಜಿನ ಕೊಳವೆ, ಸಿರಿಂಜು, ಸ್ಪಿರಿಟ್ ಹತ್ತಿ. ಊರಿಗೆ ಬಂದಾಗಲೆಲ್ಲ ನನ್ನನ್ನು ಕೂರಿಸಿ ಬದನೆಕಾಯಿಗೆ ಚುಚ್ಚಿಸಿ ಕಲಿಸುತ್ತಿದ್ದಳು. ನೀರನ್ನು ಸೀಸೆಗೆ ಬಿಡು, ಕರಗಿಸು, ಎಳೆದುಕೋ, ಸೀರೆಯ ಮೇಲಿಂದಲೇ ಆದರೂ ಪರವಾಗಿಲ್ಲ, ಚುಚ್ಚು. ಬದನೆಕಾಯಿಗೆ ಚುಚ್ಚುವಾಗಲೂ ನನ್ನ ಕೈ ಬೆವರುತ್ತಿತ್ತು. ಅವಳು ಬಾಡಿಗೆ ಕಾರಿನಲ್ಲಿ ಅಂಗಳಕ್ಕೆ ಬಂದಿಳಿದರೆ ಖುಷಿಗಿಂತ ಮೊದಲು ಆ ಡಬ್ಬಿಯ ನೆನಪಾಗುತ್ತಿತ್ತು. ಅವಳು ಹೊರಟುಹೋಗುವವರೆಗೂ ಒಂದು ಕಿವಿ ಅವಳ ಕೋಣೆಯ ಕಡೆಗೇ ಇರುತ್ತಿತ್ತು. ಕೆಮ್ಮಿದಳೇ? ಓಕರಿಸಿದಳೇ?

ಇನ್ನೊಂದು ಮಾತನ್ನೂ ಹೇಳಿದ್ದಳು. ಎಳನೀರು ಬೇಡ. ಎಳನೀರಿನಲ್ಲಿ ಪೊಟ್ಯಾಸಿಯಂ ಅನ್ನುವ ಒಂದು ಬಗೆಯ ಉಪ್ಪು ತುಂಬ ಇರುತ್ತದೆ, ಈ ಕಾಯಿಲೆಯಲ್ಲಿ ಅದು ಮೊದಲೇ ಮೈಯಲ್ಲಿ ಹೆಚ್ಚಿರುತ್ತದೆ, ಮಿತಿ ಮೀರಿದರೆ ಎದೆಬಡಿತವೇ ನಿಲ್ಲಬಹುದು ಎಂದಳು. ತಲೆ ಸುತ್ತಿದರೆ ಅಡಿಗೆ ಉಪ್ಪು ಹಾಕಿದ ನೀರು ಕೊಡಿ ಎಂದಳು. ನಮ್ಮ ಕಡೆ ಇದನ್ನು ಯಾರು ನಂಬುತ್ತಾರೆ? ಜ್ವರಕ್ಕೆ ಎಳನೀರು, ವಾಂತಿಗೆ ಎಳನೀರು, ಬಾಣಂತಿ ಬಿಟ್ಟರೆ ಯಾರು ಬಿದ್ದರೂ ಎದ್ದರೂ ಎಳನೀರು. ದೊಡ್ಡಮ್ಮ ಗಲ್ಲಕ್ಕೆ ಕೈ ಹಚ್ಚಿ, "ತೆಂಗಿನ ಸೀಮೇಲಿ ಹುಟ್ಟಿ ಎಳ್ನೀರು ಆಗಾಕಿಲ್ಲ ಅಂತೀಯಲ್ಲೇ, ಆ ಇಲಿಗಳ ಸಾಪ ತಟ್ಟೈತೆ ಕಣೇ ನಿಂಗೆ!" ಎಂದರು. ಅಕ್ಕನೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಆ ದಿನ ಹೆಂಡತಿ ಮಗಳನ್ನು ಕರೆದುಕೊಂಡು ನೆಂಟರ ಮಗುವಿನ ನಾಮಕರಣಕ್ಕೆಂದು ಮಾಯಸಂದ್ರದ ತನ್ನ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಅಕ್ಕ. ಬೆಳಿಗ್ಗೆ ಎದ್ದಾಗಲೇ ಅವಳಿಗೆ ಜ್ವರ. ಮಾತ್ರೆ ನುಂಗಿದಳು, ವಾಂತಿಯಾಯಿತು. ಮತ್ತೆ ನುಂಗಿದಳು, ಮತ್ತೆ ವಾಂತಿ. ಪಡಸಾಲೆಯ ಚಾಪೆಯ ಮೇಲೆ ಮಲಗಿ, "ಡಬ್ಬಿ ತಾರೋ," ಎಂದಳು. ತಂದೆ. ಅವಳ ಕೈ ಡಬ್ಬಿಯ ಮುಚ್ಚಳ ತೆಗೆಯಲಾರದಷ್ಟು ಸೋತಿತ್ತು. ನಾನೇ ತೆಗೆದೆ. ಸ್ಪಿರಿಟ್ ಹತ್ತಿಯ ಲಕೋಟೆ ಹರಿದೆ. ವಾಸನೆ ಬಂತು. ಗಾಜಿನ ಕೊಳವೆ ಹಿಡಿದೆ. ಅದರ ಕುತ್ತಿಗೆ ಮುರಿಯಬೇಕು. ಬೆರಳುಗಳು ನನ್ನವಲ್ಲ ಅನ್ನುವ ಹಾಗೆ ಕುಣಿಯುತ್ತಿದ್ದವು. ತಪ್ಪು ಕಡೆ ಚುಚ್ಚಿದರೆ? ಸೂಜಿ ಒಳಗೇ ಮುರಿದರೆ? ನನ್ನ ಕೈಯಿಂದಲೇ ಅವಳ ಜೀವ ಹೋದರೆ?

ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಅವಳ ಮಾತು ಆಗಲೇ ತೊದಲುತ್ತಿತ್ತು. "ಹೆದ್ರಿಕೆ ಆಯ್ತದೆ ಅಲ್ವಾ? ಸುಮ್ನೆ ನಿಂತ್ಕೋ… ನಿಧಾನ ಆಯ್ತದೆ… ಆಮೇಲೆ ಚುಚ್ಚು."

ಸಾಯುತ್ತಿದ್ದವಳು ಅವಳು. ಧೈರ್ಯ ಹೇಳಿದ್ದು ನನಗೆ. ನಾನು ನಿಲ್ಲಲಿಲ್ಲ. ಅವಳು ಹೇಳಿದ ಹಾಗೆ ಸುಮ್ಮನೆ ನಿಂತಿದ್ದರೆ ಸಾಕಿತ್ತೇನೋ. ಡಬ್ಬಿ ಮುಚ್ಚಿ, ಊರಿನ ಕಾರಿನವನಿಗೆ ಫೋನ್ ಮಾಡಿ, "ಕಾರು ಬತ್ತಾ ಐತೆ ಅಕ್ಕ, ತಿಪಟೂರಿಗೋಗಾನ," ಎಂದು ಹೊರಗೆ ಓಡಿದೆ. ಕಾರು ಬರುವವರೆಗೆ ಏನಾದರೂ ಮಾಡಬೇಕಲ್ಲ ಅನ್ನಿಸಿತು. ಹಿತ್ತಿಲ ಗಿಡ್ಡ ಮರದಿಂದ ಎಳನೀರು ಇಳಿಸಿ ಕೆತ್ತಿದೆ. ಮಚ್ಚು ಹಿಡಿದ ಕೈ ಒಂದಿಷ್ಟೂ ನಡುಗಲಿಲ್ಲ. ಗಾಜಿನ ಕೊಳವೆ ಮುರಿಯಲಾರದ ಬೆರಳುಗಳು ಎಳನೀರಿನ ಬಾಯಿಯನ್ನು ಎಷ್ಟು ಓರಣವಾಗಿ ತೆರೆದವು ಎಂದರೆ ಒಂದು ಹನಿಯೂ ಚೆಲ್ಲಲಿಲ್ಲ. ಅವಳು ಬೇಡ ಅಂದದ್ದು ಆಗ ನೆನಪಿತ್ತೇ? ಇತ್ತು. ತಲೆಯ ಯಾವುದೋ ಮೂಲೆಯಲ್ಲಿ ಇತ್ತು. ಆದರೆ ಅಮ್ಮ ಕೊಡುತ್ತಿದ್ದದ್ದು, ಅಜ್ಜಿ ಕೊಡುತ್ತಿದ್ದದ್ದು ಅದನ್ನೇ. ಲೋಟಕ್ಕೆ ಬಗ್ಗಿಸಿ, ಅವಳ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು, ಚಮಚದಲ್ಲಿ ಕುಡಿಸಿದೆ. ಮೊದಲು ಮುಖ ತಿರುಗಿಸಿದಳು. ಆಮೇಲೆ ಕುಡಿದಳು. ಬೇಡ ಅನ್ನುವ ಶಕ್ತಿ ಇರಲಿಲ್ಲವೋ, ತಮ್ಮ ಕೊಟ್ಟದ್ದೆಂದು ಕುಡಿದಳೋ…

ತಿಪಟೂರು ಮುಟ್ಟುವ ಹೊತ್ತಿಗೆ ಅವಳ ಕೈ ಕಲ್ಲಿನ ಹಾಗೆ ತಣ್ಣಗಿತ್ತು. ಡಾಕ್ಟರು ನೋಡಿ ತಲೆಯಾಡಿಸಿದರು. ಕಾಯಿಲೆಯ ಹೆಸರು ಹೇಳಿದಾಗ ತಟಕ್ಕನೆ ನನ್ನ ಕಡೆ ತಿರುಗಿ, "ಇಂಜೆಕ್ಷನ್ ಇತ್ತಾ? ಕೊಟ್ರಾ?" ಎಂದು ಕೇಳಿದರು.

"ಕೊಟ್ಟೆ ಸಾರ್," ಎಂದೆ.

ಅವರು ಬರೆದುಕೊಂಡರು. ಅಷ್ಟೇ. ಬಾಯಿಂದ ಬಿದ್ದ ಒಂದು ಮಾತು. ಅಕ್ಕನನ್ನು ನಮ್ಮ ತೋಟದಲ್ಲೇ ಮಣ್ಣು ಮಾಡಿದೆವು. ಡಬ್ಬಿಯನ್ನು ಅಟ್ಟದ ಮೂಲೆಯಲ್ಲಿ ಕಾಯಿಗಳ ಹಿಂದೆ ತುರುಕಿದೆ. ಉತ್ತರಕ್ರಿಯೆಯ ಶಿವಗಣಾರಾಧನೆಗೆ ಅಕ್ಕನ ಶಿಷ್ಯೆ ಬಂದಿದ್ದರು, ಈಗ ತಾವೇ ಪಾಠ ಹೇಳುವ ಮೇಡಂ. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ಅವರು, "ಇಂಜೆಕ್ಷನ್ ಕೊಟ್ಟ ಮೇಲೂ ಹೀಗಾಯ್ತಲ್ಲ ಸಾರ್. ನೀವು ಮಾಡೋದೆಲ್ಲ ಮಾಡಿದ್ರಿ," ಎಂದು ನನಗೆ ಕೈ ಮುಗಿದರು. ಆ ಕೈಗಳನ್ನು ನೋಡಲಾರದೆ ನೆಲ ನೋಡಿದೆ. ಮುಂದೆ ಅವರು ತಮ್ಮ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗಲೂ ಇದನ್ನು ಹೇಳುತ್ತಿದ್ದರಂತೆ, ಕೆಲವು ಸಲ ಇಂಜೆಕ್ಷನ್ ಕೊಟ್ಟರೂ ಉಳಿಯುವುದಿಲ್ಲ, ನಮ್ಮ ಮೇಡಮ್ಮೇ ಉದಾಹರಣೆ ಎಂದು. ಎಳನೀರು ಕುಡಿಸಿದ್ದನ್ನು ನನ್ನ ಬಾಯಿಂದಲೇ ಕೇಳಿದ್ದ ದೊಡ್ಡಮ್ಮ ಊರಿನಲ್ಲಿ ಬೇರೆಯೇ ಹೇಳುತ್ತಿದ್ದರು. ಕೊನೇಗಳಿಗೆಯಲ್ಲಿ ತಮ್ಮನ ಕೈಯಿಂದ ಎಳನೀರು ಕುಡಿದು ಹೋದಳು, ಪುಣ್ಯವಂತೆ ಎಂದು. ನನ್ನ ಮಾತನ್ನು ಒಬ್ಬರು ಇನ್ನೊಬ್ಬರಿಗೆ ದಾಟಿಸುತ್ತಿದ್ದರು. ಯಾರೂ ಚೀಲ ಬಿಚ್ಚಲಿಲ್ಲ. ಶಿಷ್ಯೆಯ ಫೋನ್ ಬಂದಾಗಲೆಲ್ಲ ಇವತ್ತು ಚೀಲ ಬಿಚ್ಚಿತು ಎಂದುಕೊಳ್ಳುತ್ತಿದ್ದೆ. ಅವರು ಮಾತ್ರ ಪ್ರತಿ ಸಲ ಒಳ್ಳೆಯ ಸುದ್ದಿಯನ್ನೇ ಹೇಳುತ್ತಿದ್ದರು, ಮೇಡಂ ಹೆಸರು ಇನ್ನೂ ಎಲ್ಲೆಲ್ಲೋ ಬರುತ್ತಲೇ ಇದೆ ಎಂದು.

ವರ್ಷಗಳು ಹೋದವು. ತಿಪಟೂರಿನ ಕಾಲೇಜಿಗೆ ಹೋಗುವ ಮಗಳು ಈ ಬೇಸಿಗೆಯಲ್ಲಿ ಸೊರಗಿದಳು. ಗೆಣ್ಣುಗಳು ಕಪ್ಪಾದವು. ಬಿಸಿಲು ಎಂದಳು ಹೆಂಡತಿ. ಒಂದು ಮಧ್ಯಾಹ್ನ ಮಗಳು ಅಂಗೈಯಲ್ಲಿ ಕಲ್ಲುಪ್ಪು ಹಾಕಿಕೊಂಡು ನೆಕ್ಕುತ್ತಿದ್ದಳು. ಆ ಅಂಗೈಯ ಗೆರೆಗಳನ್ನು ನೋಡಿದೆ. ಅಕ್ಕನದರ ಹಾಗೆಯೇ ಕಪ್ಪಾಗಿದ್ದವು. ಅಷ್ಟರಲ್ಲಿ ದೊಡ್ಡಮ್ಮ ಕೆತ್ತಿದ ಎಳನೀರು ತಂದು, "ಕುಡಿಯವ್ವ, ಮೈ ತಂಪಾಯ್ತದೆ," ಎಂದು ಅವಳ ಕೈಗಿಟ್ಟರು. ಮಗಳು ತುಟಿಗಿಡುವ ಮೊದಲೇ ನಾನು ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ದೊಡ್ಡಮ್ಮನ ಸೀರೆಗೆಲ್ಲ ಸಿಡಿಯಿತು. "ಹುಚ್ಚು ಗಿಚ್ಚು ಹಿಡಿದದಾ ನಿಂಗೆ?" ಎಂದರು ದೊಡ್ಡಮ್ಮ. ನಾನು ಊರಿನ ಕಾರು ಕರೆಸಿ ಮಗಳನ್ನು ತಿಪಟೂರಿನ ಆಸ್ಪತ್ರೆಗೆ ಕರೆದೊಯ್ದೆ.

ಅಕ್ಕನ ಕಾಯಿಲೆಯೇ. ಕೆಲವು ವಂಶಗಳಲ್ಲಿ ಹೀಗೆ ಬರುವುದುಂಟಂತೆ. ಬೇಗ ಬಂದಿದ್ದೀರಿ, ಮಾತ್ರೆ ತಪ್ಪಿಸದಿದ್ದರೆ ನೂರು ವರ್ಷ ಬಾಳುತ್ತಾಳೆ ಎಂದರು ಡಾಕ್ಟರು. ಹೊರಡುವಾಗ ಒಂದು ಡಬ್ಬಿ ಕೊಟ್ಟರು. ಇದು ಬಿಳಿ.

ಮಗಳು ಅದನ್ನು ಮನೆಗೆ ತಂದು ಫ್ರಿಜ್ಜಿನ ಮೇಲೆ ಎಸೆದಳು. ಕಾಲೇಜಿಗೆ ಹೋಗುವಾಗ ತೆಗೆದುಕೊಂಡು ಹೋಗಲಿಲ್ಲ. ಮಾರನೆಯ ದಿನವೂ ಇಲ್ಲ. ಹೆಂಡತಿ ಬ್ಯಾಗಿಗೆ ಹಾಕಿದರೆ ತೆಗೆದಿಟ್ಟಳು.

"ಯಾಕವ್ವ? ಡಾಕ್ಟ್ರು ಅಷ್ಟು ಹೇಳವ್ರೆ," ಎಂದೆ.

"ಅತ್ತೆಗೆ ನೀನೇ ಕೊಟ್ಟೆಯಲ್ಲಪ್ಪ. ಏನಾಯ್ತು? ಅಷ್ಟು ಓದಿದ ಅತ್ತೇನೇ ಉಳೀಲಿಲ್ಲ, ನಾನು ಆ ಡಬ್ಬಿ ಹೊತ್ಕೊಂಡು ತಿರುಗಿ ಉಳೀತೀನಾ? ಬರೋದಾದ್ರೆ ಬರ್ಲಿ ಬುಡು," ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ತೀರ್ಮಾನವಿತ್ತು. ಅದಕ್ಕೇ ನನಗೆ ಅಷ್ಟು ಭಯವಾದದ್ದು. ನನ್ನ ಸುಳ್ಳನ್ನು ನಂಬಿ ನನ್ನ ಮಗಳು ಸಾಯಲು ತಯಾರಾಗಿದ್ದಳು.

ಆದರೂ ಆವತ್ತು ಹೇಳಲಿಲ್ಲ. ಹೇಳಿದರೆ ಅವಳು ನನ್ನನ್ನು ಹೇಗೆ ನೋಡುತ್ತಾಳೋ ಎಂಬ ಭಯ ಒಂದು ಕಡೆ. ಅವಳು ಬಸ್ಸಿನಲ್ಲಿ ಎಲ್ಲೋ ಬಿದ್ದಿದ್ದಾಳೆ ಎಂದು ಫೋನ್ ಬಂದೀತೆಂಬ ಭಯ ಇನ್ನೊಂದು ಕಡೆ. ಸಂಜೆ ಬಸ್ಸು ತಡವಾದರೆ ರಸ್ತೆಗೆ ಹೋಗಿ ನಿಲ್ಲುತ್ತಿದ್ದೆ. ಅವಳು ಇಳಿದು, "ಏನಪ್ಪ, ದಿನಾ ಇಲ್ಲೇ ನಿಂತಿರ್ತೀಯ?" ಎಂದರೆ, ಹೀಗೇ ಬಂದೆ ಅನ್ನುತ್ತಿದ್ದೆ.

ಅಕ್ಕನ ವರ್ಷದ ಪೂಜೆ ಬಂತು. ತೋಟದ ಸಮಾಧಿಯ ಮುಂದೆ ಹೆಂಡತಿ ಎಡೆ ಇಟ್ಟಳು. ಪ್ರತಿ ವರ್ಷದ ಹಾಗೆ ದೊಡ್ಡಮ್ಮ ಬಾಯಿ ಕೆತ್ತಿದ ಎಳನೀರು ತಂದು ನಡುವಿಗಿಟ್ಟು, "ತಮ್ಮನ ಕೈಯಾಗೆ ಎಳ್ನೀರು ಕುಡ್ದು ಹೋದ ಪುಣ್ಯವಂತೆ," ಎಂದು ಕೈ ಮುಗಿದರು. ಮಗಳು ವಿಭೂತಿ ಹಚ್ಚುತ್ತಿದ್ದಳು. ಬಗ್ಗಿ ಎದ್ದವಳಿಗೆ ತಲೆ ಸುತ್ತಿ ಕಲ್ಲನ್ನು ಹಿಡಿದುಕೊಂಡಳು.

ನಾನು ಹೋಗಿ ಎಳನೀರನ್ನು ಎತ್ತಿ ಆಚೆಗಿಟ್ಟೆ.

"ಯಾಕಪ್ಪ?" ಎಂದಳು ಮಗಳು.

ಹೊರಟುಹೋಗಬೇಕೆನ್ನಿಸಿತು. ಎದೆ ಹೊಡೆದುಕೊಳ್ಳುತ್ತಿತ್ತು. ಸುಮ್ಮನೆ ನಿಂತೆ. ಮೂವರೂ ನನ್ನನ್ನೇ ನೋಡುತ್ತಿದ್ದರು. ಸ್ವಲ್ಪ ನಿಧಾನವಾಯಿತು. ಹೇಳಿದೆ. ಡಬ್ಬಿ ತೆರೆದದ್ದು, ಮುಚ್ಚಿದ್ದು, ಅವಳು ಬೇಡವೆಂದ ಎಳನೀರು ಕುಡಿಸಿದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು, ಎಲ್ಲ. ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೆಂಡತಿ ಮಣ್ಣಿನ ಮೇಲೆ ಕೂತಳು.

"ಕೊಟ್ಟಿದ್ರೆ ಅತ್ತೆ ಉಳೀತಿದ್ರಾ?" ಎಂದಳು ಮಗಳು.

"ಗೊತ್ತಿಲ್ಲ ಮಗಾ. ಕೊಡ್ಲಿಲ್ಲ ಅನ್ನೋದೊಂದೇ ನಂಗೆ ಗೊತ್ತಿರೋದು."

"ಆ ಡಬ್ಬಿ?"

"ಅಟ್ಟದಾಗೆ."

"ತಗೊಂಬಾ."

ಏಣಿ ಹತ್ತಿದೆ. ಬೆನ್ನಿಗೆ ಯಾರ ಅಂಗೈಯೂ ಇರಲಿಲ್ಲ. ಕಾಯಿಗಳ ಹಿಂದೆ ನೀಲಿ ಡಬ್ಬಿ ಹೊಗೆ ಹಿಡಿದು ಕಪ್ಪಾಗಿತ್ತು. ಕೆಳಗೆ ತಂದಾಗ ಮಗಳು ಒಳಗಿನ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗಿನ ಪುಡಿ ಕರಗದೆ ಹಾಗೇ ಇತ್ತು. ಮುಚ್ಚಳದ ಸೀಲು ಒಡೆದಿರಲಿಲ್ಲ. ಅವಳು ಅಡಿಗೆಮನೆಗೆ ಹೋಗಿ ಒಂದು ಬದನೆಕಾಯಿ ತಂದು ನನ್ನ ಮುಂದಿಟ್ಟಳು. ಮುಖದಲ್ಲಿ ಮಮತೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಚುಚ್ಚು," ಎಂದಳು.

ಗಾಜಿನ ಕೊಳವೆಯ ಕುತ್ತಿಗೆ ಮುರಿದೆ. ಬೆರಳು ಕುಯ್ದು ರಕ್ತ ಬಂತು. ನೀರನ್ನು ಸೀಸೆಗೆ ಬಿಟ್ಟು, ಕರಗಿಸಿ, ಎಳೆದುಕೊಂಡೆ. ಅಕ್ಕನ ಮೈಗೆ ಹೋಗಬೇಕಾಗಿದ್ದ ಔಷಧಿ ಬದನೆಕಾಯಿಯೊಳಗೆ ಹೋಯಿತು. ಇಡೀ ಹೊತ್ತು ಕೈ ನಡುಗುತ್ತಲೇ ಇತ್ತು. ನಡುಗುತ್ತಾ ಇದ್ದರೂ ಚುಚ್ಚಬಹುದು ಎನ್ನುವುದು ನನಗೆ ಗೊತ್ತಾದದ್ದು ಆಗ. ಮಾರನೆಯ ಬೆಳಿಗ್ಗೆ ಮಗಳು ಕಾಲೇಜಿಗೆ ಹೊರಟಾಗ ಫ್ರಿಜ್ಜಿನ ಮೇಲೆ ನೋಡಿದೆ. ಬಿಳಿ ಡಬ್ಬಿ ಇರಲಿಲ್ಲ. ನನ್ನ ಜೊತೆ ಅವಳು ಮಾತಾಡಲು ಇನ್ನೂ ಬಹಳ ದಿನ ಹಿಡಿಯಿತು.

ಪೂಜೆಯ ದಿನವೇ ಅಕ್ಕನ ಶಿಷ್ಯೆಗೆ ಫೋನ್ ಮಾಡಿ ಹೇಳಿದೆ. ಅವರು, "ನಾನು ಎಷ್ಟೋ ಜನಕ್ಕೆ ತಪ್ಪು ಹೇಳಿಬಿಟ್ಟಿದ್ದೀನಿ. ಪುಸ್ತಕಕ್ಕೆ ಇದನ್ನೇ ಬರೆದುಕೊಡಿ," ಎಂದರು. ಬರೆದಿದ್ದೇನೆ. ಇಂಜೆಕ್ಷನ್ ಕೊಟ್ಟರೂ ಅಕ್ಕ ಉಳಿಯಲಿಲ್ಲ ಎಂಬ ನನ್ನ ಮಾತು ಸುಳ್ಳು. ಅದನ್ನು ಯಾರೂ ನಂಬಬೇಡಿ. ಅದನ್ನು ಹೇಳಿದವನು ನಾನು. ವಾಪಸ್ ತೆಗೆದುಕೊಳ್ಳುತ್ತಿರುವವನೂ ನಾನೇ.

ಫೋನ್ ಇಟ್ಟು, ಬಿಸಿಲು ಇಳಿಯುವ ಹೊತ್ತಿಗೆ ಒಬ್ಬನೇ ತೋಟಕ್ಕೆ ಹೋದೆ. ಲೋಟದಲ್ಲಿ ಉಪ್ಪು ಹಾಕಿದ ನೀರು ತಂದಿದ್ದೆ. ಎಡೆಯ ಪಕ್ಕದಲ್ಲಿಟ್ಟೆ. ಎಳನೀರಿನ ಬುರುಡೆಗೆ ಆಗಲೇ ಇರುವೆ ಹತ್ತಿತ್ತು. ಇಷ್ಟು ವರ್ಷ ಆ ಕಲ್ಲಿನ ಮುಂದೆ ಕೈ ಮುಗಿಯುವಾಗ ಮನಸ್ಸಿನಲ್ಲೂ ಒಂದು ಮಾತು ಆಡಿರಲಿಲ್ಲ, ಎಲ್ಲಿ ಅವಳಿಗೆ ಕೇಳಿಸಿಬಿಡುತ್ತದೋ ಎಂದು. ಈಗ ಯಾರಿಗೆ ಬೇಕಾದರೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ನೀನು ನಿಂತ್ಕೋ ಅಂದೆ, ನಾನು ಓಡೋದೆ. ಬೇಡ ಅಂದದ್ದನ್ನ ಕುಡಿಸ್ದೆ. ತಪ್ಪಾಯ್ತು ಕಣಕ್ಕ."